ಕಾಯಿಲ್ ತೂಗಾಡುತ್ತದೆ, ತಿರುಗುವುದಿಲ್ಲ: ಎನಾಮಲ್ ನೋಡಿ
ಬೇಲೂರಿನ ಸರ್, ಮಗಳ ಜೊತೆ ಸೇಫ್ಟಿ ಪಿನ್, ಸೆಲ್, ಅಯಸ್ಕಾಂತ ಇಟ್ಟು ಮಾಡಿದ ಮೋಟರ್‌ನಲ್ಲಿ ಕಾಯಿಲ್ (ತಂತಿಯ ಸುರುಳಿ) ಸುಮ್ನೆ ಆಚೀಚೆ ತೂಗಾಡುತ್ತದೆ ಅಂದಿರಿ ಅಲ್ವಾ? ಹಾಗಾದರೆ ಕರೆಂಟ್ ಹರಿಯುತ್ತಿದೆ, ಗೆದ್ದಂತೆಯೇ. ತಂತಿಯ ಎರಡೂ ತುದಿಯ ಎನಾಮಲ್ (ಕರೆಂಟ್ ತಡೆಯುವ ತೆಳು ಲೇಪ) ನೀವು ಪೂರ್ತಿ ಕೆರೆದುಬಿಟ್ಟಿದ್ದೀರಿ ಅನಿಸುತ್ತದೆ, ತೊಂದರೆ ಅದೇ.

ಒಂದು ತುದಿಯನ್ನು ಸುತ್ತಲೂ ಕೆರೆಯಿರಿ. ಇನ್ನೊಂದು ತುದಿಯಲ್ಲಿ, ಕಾಯಿಲನ್ನು ನೆಟ್ಟಗೆ ನಿಲ್ಲಿಸಿ ಹಿಡಿದು, ಮೇಲಿನ ಅರ್ಧ ಮಾತ್ರ ಕೆರೆಯಿರಿ. ಆಗ ಅರ್ಧ ಸುತ್ತಿಗೆ ಮಾತ್ರ ಕರೆಂಟ್ ಸಿಗುತ್ತದೆ. ಉಳಿದರ್ಧವನ್ನು ಕಾಯಿಲ್ ತನ್ನ ಓಟದಲ್ಲೇ ದಾಟುತ್ತದೆ. ಪೂರ್ತಿ ಕೆರೆದರೆ ಆ ಉಳಿದರ್ಧದಲ್ಲಿ ಬಲ ಉಲ್ಟಾ ಆಗಿ ಕಾಯಿಲನ್ನು ಹಿಂದಕ್ಕೆ ಎಳೆಯುತ್ತದೆ. ಈಗಾಗಲೇ ಕೆರೆದಾಗಿದ್ದರೆ ಒಂದು ತುದಿಯ ಕೆಳಗಿನ ಅರ್ಧಕ್ಕೆ ಉಗುರುಬಣ್ಣ ಹಚ್ಚಿ ಒಣಗಿಸಿ, ಸಾಕು. ಮಗಳಿಂದಲೇ ಮಾಡಿಸಿ, ಖುಷಿಪಡುತ್ತಾಳೆ.

9 ವೋಲ್ಟ್‌ನ ಚೌಕ ಬ್ಯಾಟರಿ ಬೇಡ. 1.5 ವೋಲ್ಟ್‌ನ ದಪ್ಪ ಸೆಲ್ಲೇ ಜಾಸ್ತಿ ಕರೆಂಟ್ ಕೊಡುತ್ತದೆ. ಕಾಯಿಲ್ ನಿಂತಿದ್ದಾಗ ಕನೆಕ್ಷನ್ ತೆಗೆಯಿರಿ, ಇಲ್ಲದಿದ್ದರೆ ಸೆಲ್ ಬಿಸಿಯಾಗುತ್ತದೆ. ಇಲ್ಲಿ ಚಿಕ್ಕಮಗಳೂರಿನ ಮಳೆಗಾಲದಲ್ಲಿ ನನ್ನ ಪಿನ್‌ಗಳಿಗೆ ತುಕ್ಕು ಹಿಡಿದು ಮೋಟರ್ ನಿಂತಿತ್ತು. ಹಾಗಾಗಿ ಪಿನ್‌ಗಳನ್ನೂ ಉಪ್ಪುಕಾಗದದಿಂದ ಉಜ್ಜಿ.

ತಂತಿ ಬೇಕಿದ್ದರೆ ಪಂಪ್‌ಸೆಟ್ ವೈಂಡಿಂಗ್ ಅಂಗಡಿಯಲ್ಲಿ ಉಳಿದ ತುಂಡು ಕೇಳಿ. ಕೊನೆಗೆ ಬೆರಳಿಂದ ಮೆಲ್ಲಗೆ ಒಂದು ತಳ್ಳು ಕೊಡಿ. ತಿರುಗಿತಾ ಅಂತ ತಿಳಿಸಿ.