ಆಪ್ತಸಲಹೆ ಪ್ರಕರಣ: ಭಾವನ ಮೇಲೆ ಕಂಪ್ಲೇಂಟ್ ಕೊಡ್ಲಾ ಬೇಡ್ವಾ ಅಂತ ಬಂದ ತಂಗಿ

ಈ ಕೇಸಲ್ಲಿ ಗುರುತು ಹತ್ತೋ ಅಂಥ ವಿವರ ಎಲ್ಲಾನೂ ಬದಲಾಯಿಸಿದೀನಿ, ಆಕೆ ಒಪ್ಪಿಗೆ ಕೊಟ್ಟ ಮೇಲೇನೇ ಬರೀತಿರೋದು. ಹೆಸರೇ ಬೇಡ, ತಂಗಿ, ಅಕ್ಕ, ಭಾವ, ಅಮ್ಮ ಅಂತಾನೇ ಹೇಳ್ತೀನಿ. ಅತ್ಯಾಚಾರಕ್ಕೆ ಒಳಗಾದವರ ಹೆಸರು, ಗುರುತು ಪ್ರಕಟ ಮಾಡೋದೇ ಭಾರತೀಯ ನ್ಯಾಯ ಸಂಹಿತೆ (ಹಳೇ ಐಪಿಸಿ ಬದಲಿಗೆ ಬಂದ ಕಾನೂನು) ಸೆಕ್ಷನ್ 72ರ ಕೆಳಗೆ ಅಪರಾಧ, ಎರಡು ವರ್ಷದವರೆಗೂ ಜೈಲು ಇದೆ. ಫೋಟೋ ಸಮೇತ "ನ್ಯಾಯ ಸಿಗಲಿ" ಅಂತ ಸ್ಟೇಟಸ್ ಹಾಕೋರಿಗೆ ಇದು ಗೊತ್ತೇ ಇರಲ್ಲ.

ತಂಗಿಗೆ ಇಪ್ಪತ್ತಾರು, ಕೆಲಸಕ್ಕೆ ಹೋಗ್ತಾಳೆ. ಅಕ್ಕನ ಮಗುಗೆ ಹುಷಾರಿಲ್ಲ ಅಂತ ನೋಡ್ಕೊಳಕ್ಕೆ ಹೋಗಿದ್ಲು, ಅಕ್ಕ ಮಗು ಜೊತೆ ಆಸ್ಪತ್ರೇಲಿ, ಮನೇಲಿ ಇವಳು ಮತ್ತೆ ಭಾವ ಇಬ್ಬರೇ. ಅದಕ್ಕಿಂತ ಜಾಸ್ತಿ ಇಲ್ಲಿ ಬರೆಯಲ್ಲ, ಓದೋರಿಗೆ ಅದರ ಅವಶ್ಯಕತೆನೂ ಇಲ್ಲ. ಆಪ್ತಸಲಹೆಗೆ ಅಂತ ನನ್ನ ಹತ್ರ ಬಂದಾಗ ಎರಡು ವಾರದ ಮೇಲೆ ಆಗಿತ್ತು, ಜೊತೆಗೆ ಕಾಲೇಜಿನ ಫ್ರೆಂಡ್ ಒಬ್ಬಳು. ಫೋನ್ ಉಲ್ಟಾ ಮಾಡಿ ತೊಡೆ ಮೇಲೆ ಇಟ್ಕೊಂಡಿದ್ಲು, ಅದು ಗುಂಯ್ ಅಂದಾಗೆಲ್ಲ ಮಾತು ಅರ್ಧಕ್ಕೆ ನಿಲ್ತಿತ್ತು.

ಮೊದಲು ಕೇಳಿದ್ದೇ, "ಮೇಡಂ, ಇದು ರೇಪ್ ಅಂತ ಆಗುತ್ತಾ? ನಾನು ಕಿರುಚಲಿಲ್ಲ, ಹೊಡೀಲೂ ಇಲ್ಲ, ಸುಮ್ನೆ ಬಿದ್ಕೊಂಡಿದ್ದೆ."

ಈ ಪ್ರಶ್ನೆ ನಾನು ಬೇಕಾದಷ್ಟು ಸಲ ಕೇಳಿಸ್ಕೊಂಡಿದೀನಿ. ತೀರಾ ಭಯ ಆದಾಗ ಮೈ ಮರಗಟ್ಟಿ ಹೋಗೋದು ದೇಹ ತಾನಾಗೇ ಮಾಡೋ ಕೆಲಸ, ಓಡೋದು, ತಿರುಗಿ ಬೀಳೋದು ಹೇಗೋ ಇದೂ ಹಾಗೇನೇ, ನಮ್ಮ ಇಷ್ಟದ ಪ್ರಕಾರ ನಡೆಯಲ್ಲ. ಕೈ ಎತ್ತಬೇಕು ಅನ್ಸುತ್ತೆ ಎತ್ತಕ್ಕಾಗಲ್ಲ, ಗಂಟಲಿಂದ ಸ್ವರ ಹೊರಡಲ್ಲ. ಇದನ್ನ ಹೇಳಿದಾಗ ಆಕೆ ಮೊದಲ ಸಲ ತಲೆ ಎತ್ತಿ ನೋಡಿದ್ಲು. ಆಮೇಲೆ ಕಾನೂನಿನ ಮಾತು ಹೇಳ್ದೆ: ನ್ಯಾಯ ಸಂಹಿತೆ ಸೆಕ್ಷನ್ 63ರಲ್ಲಿ ಒಪ್ಪಿಗೆ ಅಂದ್ರೆ ಅನುಮಾನಕ್ಕೆ ಜಾಗ ಇಲ್ಲದ ಹಾಗೆ, ಸ್ವಂತ ಇಷ್ಟದಿಂದ, ಮಾತಲ್ಲೋ ಸನ್ನೆಯಲ್ಲೋ ತಿಳಿಸಿರಬೇಕು. ಮೈಯಿಂದ ಪ್ರತಿರೋಧ ಮಾಡಲಿಲ್ಲ ಅನ್ನೋ ಒಂದೇ ಕಾರಣಕ್ಕೆ ಒಪ್ಪಿದ್ಲು ಅಂತ ತಿಳ್ಕೊಳ್ಳೋ ಹಾಗಿಲ್ಲ ಅಂತ ಅಲ್ಲೇ ಬರೆದಿದೆ. ಇದು ಸುಮ್ನೆ ಬಂದಿದ್ದಲ್ಲ. 1972ರ ಮಥುರಾ ಪ್ರಕರಣದಲ್ಲಿ ಪೊಲೀಸ್ ಠಾಣೆಯೊಳಗೇ ಅತ್ಯಾಚಾರ ಆಗಿತ್ತು, ಮೈಮೇಲೆ ಗಾಯ ಇಲ್ಲ, ಪ್ರತಿಭಟಿಸಿದ ಗುರುತು ಇಲ್ಲ ಅಂತ ಸುಪ್ರೀಂ ಕೋರ್ಟೇ ಇಬ್ಬರು ಪೊಲೀಸರನ್ನ ಬಿಟ್ಟು ಕಳಿಸ್ತು, ಅದಕ್ಕೆ ಎದುರಾಗಿ ನಾಲ್ಕು ಜನ ಕಾನೂನು ಅಧ್ಯಾಪಕರು 1979ರಲ್ಲಿ ಕೋರ್ಟಿಗೇ ಬಹಿರಂಗ ಪತ್ರ ಬರೆದ್ರು, ಹೆಂಗಸರು ಬೀದಿಗಿಳಿದ್ರು, 1983ರಲ್ಲಿ ಕಾನೂನು ತಿದ್ದುಪಡಿ ಆಯ್ತು. ಆಮೇಲೆ 2012ರ ದೆಹಲಿ ಬಸ್ ಅತ್ಯಾಚಾರದ ಘಟನೆ, ಕಾನೂನು ಹೇಗೆ ಬದಲಾಗಬೇಕು ಅಂತ ಹೇಳೋಕೆ ನೇಮಿಸಿದ ವರ್ಮಾ ಸಮಿತಿ, 2013ರ ತಿದ್ದುಪಡಿ, ಒಪ್ಪಿಗೆಯ ಈ ವಿವರಣೆ ಸ್ಪಷ್ಟವಾಗಿ ಬಂದಿದ್ದು ಆಗ. ಅಂದ್ರೆ ಕಾನೂನು ಆ ಪ್ರಶ್ನೆ ಬಿಟ್ಟು ಇಷ್ಟು ವರ್ಷ ಆಯ್ತು, ಮನೆಗಳಲ್ಲಿ ಮಾತ್ರ ಇನ್ನೂ ಅದನ್ನೇ ಕೇಳ್ತಿದಾರೆ.

ಕಂಪ್ಲೇಂಟ್ ಕೊಡು ಅಂತ ನಾನು ಹೇಳ್ಲಿಲ್ಲ. ಕೊಡಬೇಡ ಅಂತಾನೂ ಹೇಳಲ್ಲ. ಹದಿನೆಂಟು ತುಂಬದವರಾದ್ರೆ ಪೋಕ್ಸೋ (ಮಕ್ಕಳನ್ನ ಲೈಂಗಿಕ ದೌರ್ಜನ್ಯದಿಂದ ಕಾಪಾಡೋ ಕಾನೂನು) ಪ್ರಕಾರ ಗೊತ್ತಾದ ಯಾರೇ ಆದ್ರೂ ತಿಳಿಸಲೇಬೇಕು, ಕೌನ್ಸೆಲರ್ ಸುಮ್ನಿದ್ರೆ ಕೌನ್ಸೆಲರ್ ಮೇಲೇ ಕೇಸಾಗುತ್ತೆ. ದೊಡ್ಡವರ ವಿಷಯದಲ್ಲಿ ತೀರ್ಮಾನ ಅವರದ್ದು, ಆ ರಾತ್ರಿ ಅವಳ ಇಷ್ಟ ಯಾರೂ ಕೇಳಿರಲಿಲ್ಲ, ಈಗ ನಾನೂ ಸೇರಿ ಇನ್ನೊಂದು ಸಲ ಅವಳ ಪರವಾಗಿ ತೀರ್ಮಾನ ಮಾಡೋದು ಬೇಡ ಅನ್ನೋದು ನನ್ನ ಲೆಕ್ಕ. ಆದ್ರೆ ತೀರ್ಮಾನ ಮುಂದಕ್ಕೆ ಹಾಕಬಹುದು, ಸಾಕ್ಷಿ ಮುಂದಕ್ಕೆ ಹಾಕಕ್ಕಾಗಲ್ಲ. ಆ ದಿನದ ಬಟ್ಟೆ ಒಗೆದಿರಲಿಲ್ಲ, ಪ್ಲಾಸ್ಟಿಕ್ ಕವರಲ್ಲಿ ಗಂಟು ಹಾಕಿ ಬೀರು ಮೇಲೆ ಎಸೆದಿದ್ಲು. ಪ್ಲಾಸ್ಟಿಕ್ಕಲ್ಲಿ ತೇವ ಕಟ್ಟಿ ಬೂಷ್ಟು ಬರುತ್ತೆ, ತೆಗೆದು ಪೇಪರ್ ಕವರಿಗೆ ಹಾಕು, ಜಾಸ್ತಿ ಮುಟ್ಟಬೇಡ, ಒದರಬೇಡ ಅಂದೆ. ಭಾವ ಮಾರನೇ ದಿನ ಕಳಿಸಿದ ಮೆಸೇಜ್ ಇತ್ತು, "ತಪ್ಪಾಯ್ತು, ಅಕ್ಕಂಗೆ ಹೇಳಬೇಡ" ಅಂತ. ಅದನ್ನ ನೋಡಿದ್ರೆ ವಾಕರಿಕೆ ಬರುತ್ತೆ ಅಂತ ಡಿಲೀಟ್ ಮಾಡಕ್ಕೆ ಹೊರಟಿದ್ಲು. ಮಾಡಬೇಡ, ಚಾಟ್ ಆರ್ಕೈವ್‌ಗೆ ಹಾಕು, ಕಣ್ಣಿಗೆ ಬೀಳಲ್ಲ, ಸ್ಕ್ರೀನ್‌ಶಾಟ್ ಒಂದೇ ಸಾಲದು, ಆ ಫೋನೇ ಬೇಕಾಗುತ್ತೆ, ರಿಸೆಟ್ ಮಾಡಬೇಡ ಮಾರಬೇಡ. ಆಮೇಲೆ ನೆನಪಿರೋದೆಲ್ಲ ತಾರೀಖು ಸಮೇತ ಒಂದು ನೋಟ್‌ಬುಕ್ಕಲ್ಲಿ ಬರೆದಿಡು, ಹಿಂದೆಮುಂದೆ ಆದ್ರೂ ಪರವಾಗಿಲ್ಲ, ಆಘಾತದ ನೆನಪು ಸಾಲಾಗಿ ಬರಲ್ಲ.

ಡಾಕ್ಟರ್ ವಿಷಯ. ಎಚ್‌ಐವಿ ತಡೆಯೋ ಮಾತ್ರೆ 72 ಗಂಟೆ ಒಳಗೇ ಶುರು ಆಗ್ಬೇಕು, ಗರ್ಭ ತಡೆಯೋ ತುರ್ತು ಮಾತ್ರೆನೂ ಎಷ್ಟು ಬೇಗ ಆದ್ರೆ ಅಷ್ಟು ಒಳ್ಳೇದು, ಇವಳಿಗೆ ಆ ಟೈಮ್ ದಾಟಿತ್ತು. ಇದನ್ನ ಓದ್ತಿರೋರು ದಯವಿಟ್ಟು ನೆನಪಿಟ್ಕೊಳಿ, ಕಂಪ್ಲೇಂಟ್ ಆಮೇಲೆ ಯೋಚಿಸಿ, ಆಸ್ಪತ್ರೆಗೆ ಮೊದಲು ಹೋಗಿ. ಸರ್ಕಾರಿ ಆಗ್ಲಿ ಪ್ರೈವೇಟ್ ಆಗ್ಲಿ ಪ್ರಥಮ ಚಿಕಿತ್ಸೆ, ಟ್ರೀಟ್‌ಮೆಂಟ್ ಫ್ರೀ ಆಗಿ ಕೊಡಲೇಬೇಕು, ಮೊದಲು ಎಫ್‌ಐಆರ್ ತಗೊಂಡ್ಬನ್ನಿ ಅನ್ನೋ ಹಾಗಿಲ್ಲ. ಆಸ್ಪತ್ರೆಯವರು ಪೊಲೀಸರಿಗೆ ತಿಳಿಸಬೇಕು ಅಂತಾನೂ ಕಾನೂನಿದೆ, ಅದನ್ನ ಆಕೆಗೆ ಮುಂಚೇನೇ ಹೇಳಿದ್ದೆ, ಅಲ್ಲಿ ಹೋಗಿ ಗಾಬರಿ ಆಗೋದು ಬೇಡ ಅಂತ. ಪರೀಕ್ಷೆಗೆ ಅವಳ ಒಪ್ಪಿಗೆ ಬೇಕು, ಬೇಡ ಅನ್ನಬಹುದು. ಎರಡು ಬೆರಳಿನ ಪರೀಕ್ಷೆ (ಯೋನಿಯೊಳಗೆ ಬೆರಳಿಟ್ಟು ಹಿಂದೆ ಸಂಬಂಧ ಇತ್ತಾ ಅಂತ ನೋಡೋದು) ಮಾಡೋ ಹಾಗೇ ಇಲ್ಲ, ಮಾಡಿದ್ರೆ ದುರ್ನಡತೆ ಅಂತ 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಗರ್ಭ ನಿಂತಿದ್ರೆ ಇಂಥ ಕೇಸಲ್ಲಿ 24 ವಾರದವರೆಗೂ ತೆಗೆಸೋಕೆ ಅವಕಾಶ ಇದೆ. ಪುಣ್ಯಕ್ಕೆ ಇವಳಿಗೆ ಆ ತಾಪತ್ರಯ ಬರಲಿಲ್ಲ.

ಅಮ್ಮ ಬಂದಿದ್ದು ಆಮೇಲಿನ ಸಲ. ಕೂತ್ಕೊಳ್ಳೋ ಮುಂಚೇನೇ ಶುರು ಮಾಡಿದ್ರು. "ಆಗಿದ್ದು ಆಗೋಯ್ತು ಮೇಡಂ, ದೊಡ್ಡವಳ ಸಂಸಾರ ಬೀದಿಗೆ ಬರುತ್ತೆ, ಇವಳಿಗೂ ನಾಳೆ ಗಂಡು ಸಿಗಬೇಕು, ನೀವಾದ್ರೂ ಬುದ್ಧಿ ಹೇಳಿ." ಸೋದರಮಾವ ಆಗ್ಲೇ ಒಂದು ಏರ್ಪಾಟು ಮಾಡಿದ್ರಂತೆ, ಹಿರಿಯರ ಮುಂದೆ ಅಳಿಯ ಇವಳ ಕ್ಷಮೆ ಕೇಳೋದು, ಇನ್ಮೇಲೆ ಈ ಮನೆಗೆ ಕಾಲಿಡಲ್ಲ ಅಂತ ಬರೆದುಕೊಡೋದು, ಅಲ್ಲಿಗೆ ಮುಗೀತು.

ಅಮ್ಮನ್ನ ಬೈಯೋದು ಸುಲಭ, ನಾನು ಬೈಯಲಿಲ್ಲ. ಎರಡು ಹೆಣ್ಣುಮಕ್ಕಳಲ್ಲಿ ಒಬ್ಬಳನ್ನ ಆರಿಸ್ಕೋ ಅಂತ ಯಾರೋ ಕತ್ತಿನ ಮೇಲೆ ಕೂತ ಹಾಗೆ ಆಗಿತ್ತು ಅವರಿಗೆ. "ಅಮ್ಮ, ದೊಡ್ಡವಳ ಸಂಸಾರ ಕೆಡಿಸಿದ್ದು ಯಾರು?" ಅಂತ ಕೇಳ್ದೆ. ಸುಮ್ನಾದ್ರು. ಆಮೇಲೆ ರಾಜಿ ಬಗ್ಗೆ ನೇರವಾಗೇ ಹೇಳ್ದೆ, ಅತ್ಯಾಚಾರ ರಾಜಿ ಆಗೋ ಅಪರಾಧ ಅಲ್ಲ, ಅದು ಇಡೀ ಸಮಾಜದ ವಿರುದ್ಧದ ಅಪರಾಧ ಅಂತ ಸರ್ಕಾರನೇ ನಡೆಸೋ ಕೇಸು, ಹಿರಿಯರು ಬರೆಸ್ಕೊಂಡ ಕಾಗದಕ್ಕೆ ಕೋರ್ಟಲ್ಲಿ ಬೆಲೆ ಇಲ್ಲ. 2021ರಲ್ಲಿ ಸುಪ್ರೀಂ ಕೋರ್ಟು, ಲೈಂಗಿಕ ದೌರ್ಜನ್ಯದ ಆರೋಪಿಗೆ ಆ ಹೆಂಗಸಿನ ಕೈಲೇ ರಾಖಿ ಕಟ್ಟಿಸ್ಕೋ ಅಂತ ಹಾಕಿದ್ದ ಬೇಲ್ ಷರತ್ತನ್ನ ರದ್ದು ಮಾಡಿ, ಇಂಥ ಕೇಸಲ್ಲಿ ರಾಜಿ, ಮದುವೆ ಅಂತ ಜಡ್ಜುಗಳೇ ಸೂಚಿಸಬಾರದು ಅಂತು. ಜಡ್ಜುಗಳಿಗೇ ಆ ಅಧಿಕಾರ ಇಲ್ಲ ಅಂದ್ಮೇಲೆ ಸೋದರಮಾವನಿಗೆ ಎಲ್ಲಿಂದ ಬಂತು. "ಅಳಿಯ ಅಂಥವನಲ್ಲ" ಅಂತಾನೂ ಅಂದ್ರು ಅಮ್ಮ. ಎನ್‌ಸಿಆರ್‌ಬಿ (ಕೇಂದ್ರದ ಅಪರಾಧ ದಾಖಲೆ ಬ್ಯೂರೋ) 2022ರ ಲೆಕ್ಕದಲ್ಲಿ ದೇಶದಲ್ಲಿ ದಾಖಲಾದ ಅತ್ಯಾಚಾರ ಕೇಸು 31,516, ಅದರಲ್ಲಿ ನೂರಕ್ಕೆ ತೊಂಬತ್ತಕ್ಕೂ ಮೇಲೆ ಗುರುತಿರೋರೇ, ಸಂಬಂಧಿಕರು, ಪಕ್ಕದಮನೆಯವರು, ಫ್ರೆಂಡು. ದಾಖಲೆ ಆಗದೇ ಇರೋದು ಎಷ್ಟೋ. ಮನೆಯವನೇ ಆಗಿರೋದ್ರಿಂದ ಕಾನೂನು ಮೆತ್ತಗಾಗಲ್ಲ ಇನ್ನೂ ಗಟ್ಟಿಯಾಗುತ್ತೆ, ಸಂಬಂಧಿ, ನಂಬಿಕೆಯ ಸ್ಥಾನದಲ್ಲಿರೋನು ಮಾಡಿದ್ರೆ ಸೆಕ್ಷನ್ 64(2), ಕಡಿಮೆ ಅಂದ್ರೆ ಹತ್ತು ವರ್ಷ, ಬದುಕಿರೋವರೆಗೂ ಜೈಲಿನ ತನಕ ಹೋಗಬಹುದು. ಗಂಡನ ವಿಷಯದಲ್ಲಿ ಮಾತ್ರ, ಹೆಂಡತಿಗೆ ಹದಿನೆಂಟು ದಾಟಿದ್ರೆ, ಕಾನೂನು ಇನ್ನೂ ಕಣ್ಣು ಮುಚ್ಕೊಂಡಿದೆ, ಅದು ನನ್ನ ಬೇರೆ ಸಿಟ್ಟು, ಇನ್ನೊಂದು ದಿನ ಬರೀತೀನಿ.

ಅಮ್ಮ ಒಪ್ಪಿದ್ರು ಅಂತ ಅಂದ್ಕೋಬೇಡಿ. ಒಪ್ಪಲಿಲ್ಲ. ಆದ್ರೆ ಒಂದು ಮಾತಿಗೆ ಒಪ್ಪಿದ್ರು, ಮನೇಲಿ ಇವಳನ್ನ "ಯಾಕೆ ಹೋದೆ, ಯಾಕೆ ಕಿರುಚಲಿಲ್ಲ" ಅಂತ ಇನ್ಮೇಲೆ ಕೇಳಲ್ಲ ಅಂತ. ನನಗೆ ಆವತ್ತಿಗೆ ಅಷ್ಟು ಸಾಕಿತ್ತು.

ಕೆಲವು ವಾರ ನಾವು ಕಾನೂನು ಮಾತೇ ಆಡ್ಲಿಲ್ಲ. ನಿದ್ದೆ ಬರ್ತಿರಲಿಲ್ಲ, ಬಚ್ಚಲಿಗೆ ಹೋದ್ರೆ ಉಸಿರು ಕಟ್ಟೋದು, ಆಫೀಸಲ್ಲಿ ಯಾರಾದ್ರೂ ಹಿಂದಿನಿಂದ ಬಂದ್ರೆ ಬೆಚ್ಚಿ ಬೀಳೋದು. ಆ ರಾತ್ರಿ ಮನಸ್ಸೊಳಗೆ ಮತ್ತೆ ಶುರುವಾದಾಗ ಕಾಲು ನೆಲಕ್ಕೆ ಒತ್ತಿ, ಕಣ್ಣಿಗೆ ಕಾಣೋ ವಸ್ತುಗಳ ಹೆಸರು ಬಾಯಿಬಿಟ್ಟು ಹೇಳೋದು, ಇವತ್ತಿನ ತಾರೀಖು ಹೇಳೋದು, ಹೀಗೆ ಅಭ್ಯಾಸ ಮಾಡಿಸಿದೆ. ಸಾಯಬೇಕು ಅನ್ಸುತ್ತಾ ಅಂತ ಮುಚ್ಚುಮರೆ ಇಲ್ಲದೆ ಕೇಳ್ದೆ, ಒಂದೆರಡು ಸಲ ಅನ್ಸಿತ್ತು ಅಂದ್ಲು, ಆಗ ಯಾರಿಗೆ ಫೋನ್ ಮಾಡ್ಬೇಕು ಅಂತ ಗೊತ್ತುಮಾಡ್ಕೊಂಡ್ವಿ, ಸೈಕಿಯಾಟ್ರಿಸ್ಟ್ ಹತ್ರನೂ ಕಳಿಸಿದೆ, ನಿದ್ದೆ ಮಾತ್ರೆ ಕೊಟ್ರು.

ಒಂದಿನ ತಾನಾಗೇ ಕೇಳಿದ್ಲು, "ಇಷ್ಟು ಲೇಟಾಗಿದೆ, ಈಗ ಕೊಟ್ರೆ ನಂಬ್ತಾರಾ?" ಇಂಥ ಅಪರಾಧಕ್ಕೆ ಇಷ್ಟೇ ದಿನದೊಳಗೆ ಕೊಡ್ಬೇಕು ಅನ್ನೋ ಗಡುವು ಇಲ್ಲ. ತಡ ಆಗಿದ್ದಕ್ಕೆ ಮನೆ ಮರ್ಯಾದೆ ಅಂತ ಹಿಂಜರಿದಿದ್ದು ಸಹಜ ಕಾರಣ, ಅವಳ ಹೇಳಿಕೆ ನಂಬಿಕೆಗೆ ಅರ್ಹವಾಗಿದ್ರೆ ಬೇರೆ ಸಾಕ್ಷಿ ಇಲ್ಲದೇನೂ ಶಿಕ್ಷೆ ಕೊಡಬಹುದು ಅಂತ 1996ರ ಗುರ್ಮೀತ್ ಸಿಂಗ್ ಕೇಸಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಂತ ಗೆದ್ದೇ ಗೆಲ್ತೀಯ ಅಂತ ನಾನು ಹೇಳಲಿಲ್ಲ. ಲೇಟಾದಷ್ಟೂ ಮೆಡಿಕಲ್ ಸಾಕ್ಷಿ ಕಮ್ಮಿ, ಕೇಸು ವರ್ಷಗಟ್ಟಲೆ ಎಳೀಬಹುದು, ಚಾರ್ಜ್‌ಶೀಟ್ ಆದ ಎರಡು ತಿಂಗಳಲ್ಲಿ ವಿಚಾರಣೆ ಮುಗಿಸಬೇಕು ಅನ್ನೋದು ಪುಸ್ತಕದಲ್ಲಿದೆ. ಇದನ್ನೆಲ್ಲ ಮುಚ್ಚಿಟ್ಟು ಧೈರ್ಯ ತುಂಬಿದ್ರೆ ಮೊದಲನೇ ವಾಯಿದೆಗೇ ಆಕೆ ಕುಸಿದು ಹೋಗ್ತಾಳೆ.

ಕೊಟ್ಲು. ಘಟನೆ ಆಗಿದ್ದು ಅಕ್ಕನ ಊರಲ್ಲಿ, ಕಂಪ್ಲೇಂಟ್ ಕೊಟ್ಟಿದ್ದು ಇಲ್ಲಿ. ಠಾಣೇಲಿ "ನಮ್ಮ ಲಿಮಿಟ್ಸ್ ಅಲ್ಲ" ಅಂದ್ರು, ಜೀರೋ ಎಫ್‌ಐಆರ್, ಅಂದ್ರೆ ಘಟನೆ ಎಲ್ಲೇ ಆಗಿರ್ಲಿ ಯಾವ ಠಾಣೇಲಾದ್ರೂ ಬರ್ಕೊಳ್ಳಲೇಬೇಕು ಅಂತ ಜೊತೆಗಿದ್ದ ವಕೀಲರು ನಾಗರಿಕ ಸುರಕ್ಷಾ ಸಂಹಿತೆ (ಹಳೇ ಸಿಆರ್‌ಪಿಸಿ ಬದಲಿಗೆ ಬಂದ ಕಾನೂನು) ಸೆಕ್ಷನ್ 173 ತೋರಿಸಿದ ಮೇಲೆ ಬರ್ಕೊಂಡ್ರು. ಎಫ್‌ಐಆರ್ ಬರ್ಕೊಳ್ಳದೇ ಇದ್ರೆ ಅಧಿಕಾರಿಗೇ ಕಡಿಮೆ ಅಂದ್ರೆ ಆರು ತಿಂಗಳ ಜೈಲು, ನ್ಯಾಯ ಸಂಹಿತೆ ಸೆಕ್ಷನ್ 199. ಹೇಳಿಕೆ ಬರ್ಕೊಂಡಿದ್ದು ಮಹಿಳಾ ಅಧಿಕಾರಿ, ಎಫ್‌ಐಆರ್ ಕಾಪಿ ಫ್ರೀಯಾಗಿ ಕೊಡ್ಬೇಕು, ಇಸ್ಕೊಂಡೇ ಬಂದ್ಲು. ಮ್ಯಾಜಿಸ್ಟ್ರೇಟ್ ಮುಂದೆ ಹೇಳಿಕೆ ಆಯ್ತು. ವಕೀಲರಿಗೆ ದುಡ್ಡಿಲ್ಲ ಅನ್ನೋರು 15100ಕ್ಕೆ ಫೋನ್ ಮಾಡಿ, ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಣ್ಣುಮಕ್ಕಳಿಗೆ ಆದಾಯ ನೋಡದೇ ಫ್ರೀ ವಕೀಲರು ಸಿಗ್ತಾರೆ, ಪರಿಹಾರದ ಅರ್ಜಿನೂ ಅಲ್ಲೇ. ಸಖಿ ಸೆಂಟರಿಗೆ (ದೌರ್ಜನ್ಯಕ್ಕೆ ಒಳಗಾದ ಹೆಂಗಸರಿಗೆ ಒಂದೇ ಕಡೆ ನೆರವು ಕೊಡೋ ಸರ್ಕಾರಿ ಕೇಂದ್ರ) ಹೋಗೋದಾದ್ರೆ 181.

ಈಗ ಕೇಸು ಕೋರ್ಟಲ್ಲಿದೆ, ಕ್ರಾಸ್ ಎಕ್ಸಾಮಿನೇಷನ್ (ಭಾವನ ವಕೀಲರು ಇವಳನ್ನ ಪ್ರಶ್ನೆ ಮಾಡೋದು) ಇನ್ನೂ ಆಗ್ಬೇಕು. ಬಾಗಿಲು ಮುಚ್ಚಿದ ಕೋರ್ಟಲ್ಲಿ ನಡೆಯುತ್ತೆ, ಹಿಂದಿನ ಸಂಬಂಧ, ನಡತೆ ಬಗ್ಗೆ ಕೇಳೋ ಹಾಗಿಲ್ಲ, ಕೇಳಿದ್ರೆ ಜಡ್ಜ್ ಕಡೆ ತಿರುಗಿ "ಸ್ವಾಮಿ, ಇದಕ್ಕೆ ಉತ್ತರ ಕೊಡ್ಬೇಕಾ" ಅಂತ ಕೇಳು, ಅರ್ಥ ಆಗದ ಪ್ರಶ್ನೆಗೆ ಹೂಂ ಅನ್ನಬೇಡ, ನೆನಪಿಲ್ಲದ್ದಕ್ಕೆ ನೆನಪಿಲ್ಲ ಅನ್ನು, ಹೀಗೆ ತಯಾರಿ ನಡೀತಿದೆ. ಏನು ಹೇಳ್ಬೇಕು ಅಂತ ನಾನು ಹೇಳ್ಕೊಡಲ್ಲ, ಅದು ಕೇಸಿಗೂ ಒಳ್ಳೇದಲ್ಲ.

ಅಕ್ಕ ಹೋದ ತಿಂಗಳು ಫೋನ್ ಮಾಡಿದ್ರು, ತಂಗಿಗೆ ಗೊತ್ತಿಲ್ಲದ ಹಾಗೆ ನನ್ನನ್ನ ನೋಡ್ಬೇಕು ಅಂತ. ಇಬ್ಬರನ್ನೂ ನಾನೇ ನೋಡೋದು ಸರಿ ಹೋಗಲ್ಲ, ಒಬ್ಬರ ಮಾತು ಇನ್ನೊಬ್ಬರ ಮುಂದೆ ಗೊತ್ತಿಲ್ಲದೇ ಜಾರಿಬಿಡಬಹುದು, ಅದಕ್ಕೆ ಬೇರೆ ಕೌನ್ಸೆಲರ್ ನಂಬರ್ ಕೊಟ್ಟೆ. ಹೋಗ್ತಿದಾರಂತೆ.