ಕಾಳಿ ಅಳಿವೆಯಲ್ಲಿ ದೀಪಸ್ತಂಭವನ್ನೇ ನಂಬಿ ಹೊರಡುವವರಿಗೆ

ಬರುವ ಹುಣ್ಣಿಮೆಯಂದು ಬೆಳಿಗ್ಗೆ ಹನ್ನೊಂದಕ್ಕೆ ಕಾರವಾರದ ಕೋಡಿಬಾಗದಲ್ಲಿ ಕಯಾಕ್ ಇಳಿಸಿ, ಇಳಿತದ ಸೆಳೆತದ ಜೊತೆಗೇ ಕಾಳಿ ನದಿ ಕಡಲು ಸೇರುವ ಅಳಿವೆ ದಾಟಿ, ದೇವಗಡ ದ್ವೀಪದ ದೀಪಸ್ತಂಭಕ್ಕೆ ಮೂತಿ ಹಿಡಿದು ಸಾಗಿ, ಮೂರು ಗಂಟೆಗೆ ಮರಳುವುದಾಗಿ ತಾವು ಬರೆದಿದ್ದೀರಿ. ದೀಪಸ್ತಂಭ ಸದಾ ಕಾಣುವುದರಿಂದ ದಾರಿ ತಪ್ಪುವ ಭಯವಿಲ್ಲ ಎಂದೂ ಸೇರಿಸಿದ್ದೀರಿ. ಕೆಲವು ವರ್ಷಗಳ ಹಿಂದೆ ನಾನು ಹಾಕಿಕೊಂಡಿದ್ದ ಲೆಕ್ಕವೂ ಇದೇ ಆಗಿದ್ದುದರಿಂದ ಸುಮ್ಮನಿರಲು ಮನಸ್ಸಾಗುತ್ತಿಲ್ಲ.

ಮೊದಲು ನೀರಿನ ವಿಷಯ. ನಮ್ಮಲ್ಲಿ ಹುಣ್ಣಿಮೆ, ಅಮಾವಾಸ್ಯೆಗಳಂದು ಭರತ, ಅಂದರೆ ಕಡಲ ಉಬ್ಬರ, ತುಂಬುವುದು ಸಾಮಾನ್ಯವಾಗಿ ಮಧ್ಯಾಹ್ನದ ಆಸುಪಾಸಿನಲ್ಲಿ. ಆಮೇಲೆ ಸಂಜೆಯವರೆಗೂ ಇಳಿತ. ಅಂದರೆ ತಾವು ಮರಳುವ ಮೂರು ಗಂಟೆಗೆ ಕಾಳಿ ಪೂರ್ಣ ವೇಗದಲ್ಲಿ ಹೊರಗೆ ಹರಿಯುತ್ತಿರುತ್ತದೆ, ಅದೇ ಹೊತ್ತಿಗೆ ಕಡಲಗಾಳಿ ಬಲವಾಗಿ ಒಳಗೆ ಬೀಸುತ್ತಿರುತ್ತದೆ. ಎದುರುಬದುರಾದ ಗಾಳಿ ಮತ್ತು ಹರಿವು ಅಳಿವೆಯ ಮರಳುದಿಬ್ಬದ ಮೇಲೆ ಸೇರಿದಾಗ ಅಲೆಗಳು ಗಿಡ್ಡವಾಗಿ, ಕಡಿದಾಗಿ, ಒಂದರ ಬೆನ್ನಿಗೆ ಒಂದು ಏಳುತ್ತವೆ. ಅಂದು ನಾನು ಒಂದೂವರೆ ಗಂಟೆ ಹುಟ್ಟು ಹಾಕಿದರೂ ದಡದ ಅದೇ ಗಾಳಿಮರಗಳು ಪಕ್ಕದಲ್ಲೇ ನಿಂತಿದ್ದವು. ಎರಡು ಬಾರಿ ಮಗುಚಿದೆ. ಎರಡನೆಯ ಸಲ ಕಯಾಕ್ ಕೈಬಿಟ್ಟು ಹೋಯಿತು. ಹತ್ತಿರದಲ್ಲಿ ಬಲೆ ಎಳೆಯುತ್ತಿದ್ದ ಮೀನುಗಾರರು ಎತ್ತಿಕೊಳ್ಳದಿದ್ದರೆ ಈ ಉತ್ತರ ಬರೆಯಲು ನಾನಿರುತ್ತಿರಲಿಲ್ಲ. 2019ರ ಜನವರಿ 21ರಂದು, ಕೂರ್ಮಗಡ ದ್ವೀಪದ ನರಸಿಂಹ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಇದೇ ನೀರಿನಲ್ಲಿ ಮಗುಚಿ 16 ಜನ ತೀರಿಕೊಂಡರು. ಅಂದೂ ಪುಷ್ಯ ಹುಣ್ಣಿಮೆಯೇ ಆಗಿತ್ತು ಎಂಬುದನ್ನು ದಯವಿಟ್ಟು ಮರೆಯಬೇಡಿ.

ಇನ್ನು ದೀಪಸ್ತಂಭ. 1860ರ ದಶಕದಲ್ಲಿ ಅದನ್ನು ಆ ಬಂಡೆಯ ಮೇಲೆ ಕಟ್ಟಿದ್ದು ಹಡಗುಗಳು ಬಂದರನ್ನು ಗುರುತಿಸಿ ಬಂಡೆಗಳಿಂದ ದೂರವಿರಲಿ ಎಂದು. ನಮ್ಮಂಥ ಸಣ್ಣ ದೋಣಿಗೆ ಅಳಿವೆಯ ಆಳದ ದಾರಿ ತೋರಿಸುವುದು ಅದರ ಕೆಲಸವಲ್ಲ. ಮೂತಿಯನ್ನು ಅದರತ್ತಲೇ ಹಿಡಿದರೆ ಸಾಲದೇ ಎಂದರೆ, ಸಾಲದು. ಅಡ್ಡ ಹರಿವು ದೋಣಿಯನ್ನು ಪಕ್ಕಕ್ಕೆ ತಳ್ಳುತ್ತಲೇ ಇರುತ್ತದೆ, ತಾವು ಮೂತಿ ತಿರುಗಿಸುತ್ತಲೇ ಇರುತ್ತೀರಿ. ದೀಪಸ್ತಂಭ ಎದುರಿಗೇ ಕಾಣುತ್ತದೆ, ಆದರೆ ಸಾಗಿದ ದಾರಿ ಬಿಲ್ಲಿನಂತೆ ಬಾಗಿ ತಾವು ಎಣಿಸದ ಜಾಗಕ್ಕೆ ತಂದು ನಿಲ್ಲಿಸುತ್ತದೆ.

ನನಗೆ ಫಲ ಕೊಟ್ಟದ್ದು ಜೋಡಿ ಗುರುತಿನ ವಿಧಾನ. ಹೊರಡುವಾಗ ಹಿಂತಿರುಗಿ ನೋಡಿ, ದಡದ ಮೇಲೆ ಹತ್ತಿರದ್ದೊಂದು, ಅದರ ಹಿಂದೆ ಬಹಳ ದೂರದ್ದೊಂದು, ಹೀಗೆ ಒಂದೇ ಗೆರೆಯಲ್ಲಿ ಬರುವ ಎರಡು ಅಲುಗದ ಗುರುತುಗಳನ್ನು ಆರಿಸಿಕೊಳ್ಳಿ. ಸದಾಶಿವಗಡದ ಗುಡ್ಡದ ಏಣು, ಸೇತುವೆಯ ತುದಿ, ಒಂದು ಗೋಪುರ, ಯಾವುದಾದರೂ ಆದೀತು. ಲಂಗರು ಹಾಕಿದ ದೋಣಿ ಮಾತ್ರ ಬೇಡ, ಅದು ನೀರಿನ ಜೊತೆ ತಿರುಗುತ್ತದೆ. ಗುರುತುಗಳಿಗೆ ಮುಖ ಮಾಡಿದಾಗ ಹತ್ತಿರದ ಗುರುತು ಎಡಕ್ಕೆ ಸರಿದಂತೆ ಕಂಡರೆ ತಾವು ಬಲಕ್ಕೆ ಸರಿದಿದ್ದೀರಿ. ಅದು ಸರಿದ ಕಡೆಗೇ ದೋಣಿಯನ್ನು ಒಯ್ದರೆ ಗೆರೆ ಮತ್ತೆ ಕೂಡುತ್ತದೆ. ಐದು ನಿಮಿಷಕ್ಕೊಮ್ಮೆ ನೋಡುವ ಅಭ್ಯಾಸವಾಗಬೇಕು. ಇದನ್ನು ಮೊದಲು ಸೇತುವೆಯ ಒಳಗಿನ ಶಾಂತ ನೀರಿನಲ್ಲಿ ಹತ್ತು ಬಾರಿಯಾದರೂ ಮಾಡಿ ನೋಡಿ; ಅಲ್ಲಿಯೂ ಕಂಬಗಳಿಂದ ದೂರವಿರಿ, ಅವುಗಳ ನಡುವೆ ಹರಿವು ಬಿಗಿಯಾಗುತ್ತದೆ. ಗಾರ್ಮಿನ್ ಜಿಪಿಎಸ್ ಚೆನ್ನಾಗಿಯೇ ಇದೆ, ನನ್ನಲ್ಲೂ ಇದೆ, ಆದರೆ ಅಲೆಗಳ ನಡುವೆ ತಲೆ ಬಗ್ಗಿಸಿ ಪರದೆ ನೋಡುವುದು ಅಪಾಯ. ಸಿಲ್ವಾ ಅಥವಾ ಸುಂಟೋ ದಿಕ್ಸೂಚಿಯೊಂದನ್ನು ದಾರದಲ್ಲಿ ಕಟ್ಟಿಕೊಂಡರೆ ಮಂಜಿನ ಬೆಳಗಿನಲ್ಲಿ ನೆರವಾಗುತ್ತದೆ.

ಹೋಗಲೇಬೇಕೆಂದಿದ್ದರೆ ಬೆಳಕು ಹರಿಯುವಾಗ, ಇಳಿತ ಮುಗಿಯುವ ಹೊತ್ತಿಗೆ ಹೊರಟು, ಭರತದ ನೀರಿನಲ್ಲಿ ಹತ್ತೂವರೆಯೊಳಗೆ ದಡ ಸೇರಿ. ಕಡಲ ಮಾಹಿತಿ ಕೊಡುವ ಕೇಂದ್ರ ಸರ್ಕಾರದ ಸಂಸ್ಥೆ ಇನ್‌ಕಾಯಿಸ್ ಪ್ರಕಟಿಸುವ ಉಬ್ಬರವಿಳಿತದ ವೇಳೆಯನ್ನು ಹಿಂದಿನ ರಾತ್ರಿಯೇ ನೋಡಿಕೊಳ್ಳಿ. ಭರತ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತದೆ, ಆದ್ದರಿಂದ ಕಳೆದ ಭಾನುವಾರದ ಲೆಕ್ಕ ಈ ಭಾನುವಾರಕ್ಕೆ ನಡೆಯದು. ಪಟ್ಟಿಯಲ್ಲಿ ಇಳಿತ ಮುಗಿದಿದ್ದರೂ ನದಿ ಇನ್ನೂ ಸ್ವಲ್ಪ ಹೊತ್ತು ಹೊರಗೆ ಹರಿಯುತ್ತದೆ, ಕದ್ರಾ ಅಣೆಕಟ್ಟೆಯಿಂದ ನೀರು ಬಿಟ್ಟ ದಿನ ಇನ್ನೂ ಹೆಚ್ಚು ಹೊತ್ತು. ಮಳೆಗಾಲದಲ್ಲಿ ಈ ವಿಚಾರವನ್ನೇ ಕೈಬಿಡಿ. ಮೊದಲ ನಾಲ್ಕೈದು ಸಲ ಅಳಿವೆಯನ್ನು ದಾಟದಿರುವುದೇ ಒಳ್ಳೆಯದು, ದ್ವೀಪದ ಮೇಲೆ ಅನುಮತಿಯಿಲ್ಲದೆ ಇಳಿಯಲಂತೂ ಬೇಡ.

ತಾವು ಕಳುಹಿಸಿದ ಚಿತ್ರದಲ್ಲಿರುವುದು ಗಾಳಿ ತುಂಬುವ ಕಯಾಕ್. ಯಾವ ಕಂಪನಿಯದ್ದಾದರೂ ಆ ಬಗೆಯವು ನೀರಿನ ಮೇಲೆ ಎತ್ತರವಾಗಿ ತೇಲುವುದರಿಂದ ಗಾಳಿಗೆ ಬೇಗ ಸಿಗುತ್ತವೆ. ಅಳಿವೆಗೆ ಗಟ್ಟಿ ಒಡಲಿನದ್ದೇ ಬೇಕು. ಅದೇ ಚಿತ್ರದಲ್ಲಿ ಜೀವರಕ್ಷಕ ಜಾಕೆಟ್ ಸೀಟಿನ ಹಿಂದೆ ಮಡಚಿಟ್ಟಿದೆ, ಇದು ನನಗೆ ಸ್ವಲ್ಪವೂ ಒಪ್ಪಿಗೆಯಾಗಲಿಲ್ಲ. ಮಗುಚಿದ ಮೇಲೆ ಅದನ್ನು ತೊಡಲು ಆಗುವುದಿಲ್ಲ, ನಾನು ಪ್ರಯತ್ನಿಸಿದ್ದೇನೆ. ತೊಟ್ಟುಕೊಂಡೇ ದಡ ಬಿಡಿ, ಜಾಕೆಟ್ಟಿಗೆ ಸೀಟಿಯನ್ನೂ ಹುಟ್ಟಿಗೆ ದಾರವನ್ನೂ ಕಟ್ಟಿ. ಮರಳುವ ವೇಳೆಯನ್ನು ದಡದಲ್ಲಿ ಒಬ್ಬರಿಗೆ ಬರೆದುಕೊಟ್ಟು, ಕೋಸ್ಟ್ ಗಾರ್ಡ್‌ನ 1554 ಮತ್ತು ಕರಾವಳಿ ಕಾವಲು ಪೊಲೀಸರ 1093 ಸಂಖ್ಯೆಗಳನ್ನೂ ಅದೇ ಚೀಟಿಯಲ್ಲಿ ಬರೆಯಿರಿ.