ಛತ್ರ ಹಿಡಿಯುವ ಮೊದಲು ಬೀರು ತೆಗೆಯಿರಿ

ದಾವಣಗೆರೆಯಿಂದ ತಾಯಿಯೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕಿಲ್ಲ. ಮಗಳಿಗೆ ಬೆಂಗಳೂರಿನಲ್ಲಿ ಕೆಲಸ. ಜೊತೆಗೆ ಕೆಲಸ ಮಾಡಿದ ಜರ್ಮನಿಯ ಹುಡುಗನನ್ನು ಮೆಚ್ಚಿದ್ದಾಳೆ. ಹುಡುಗ ಕ್ರೈಸ್ತ, ಈಗ ಊರಿಗೆ ವಾಪಸ್ಸಾಗಿದ್ದಾನೆ. ಮದುವೆಯಾದ ಮೇಲೆ ಇವಳೂ ಅಲ್ಲಿಗೇ ಹೋಗುತ್ತಾಳಂತೆ. ಮನೆಯವರು ಒಪ್ಪಿದ್ದಾರೆ. "ವೈಶಾಖದಲ್ಲಿ ಮುಹೂರ್ತ ನೋಡಿದ್ದೇವೆ, ಛತ್ರಕ್ಕೆ ಅಡ್ವಾನ್ಸ್ ಕೊಡಬಹುದಾ? ದೇವಸ್ಥಾನದಲ್ಲಿ ತಾಳಿ ಕಟ್ಟಿಸಿ, ರಸೀದಿ ತಗೊಂಡು ರಿಜಿಸ್ಟರ್ ಮಾಡಿಸಿದರೆ ಆಯ್ತು ಅಂತಾರೆ ನಮ್ಮ ಭಾವನವರು. ಅಷ್ಟು ಸಾಕಾ?" ಎಂದು ಕೇಳಿದ್ದಾರೆ.

ಅಮ್ಮ, ಸಾಲದು. 1955ರ ಹಿಂದೂ ವಿವಾಹ ಕಾಯ್ದೆಯಡಿ ಮದುವೆಯಾಗಲು ಗಂಡು, ಹೆಣ್ಣು ಇಬ್ಬರೂ ಹಿಂದೂಗಳೇ ಆಗಿರಬೇಕು. ಬೌದ್ಧರು, ಜೈನರು, ಸಿಖ್ಖರೂ ಆ ಲೆಕ್ಕಕ್ಕೆ ಬರುತ್ತಾರೆ, ಕ್ರೈಸ್ತರು ಬರುವುದಿಲ್ಲ. ಹಿಂದೂ ಹುಡುಗಿ, ಕ್ರೈಸ್ತ ಹುಡುಗ ದೇವಸ್ಥಾನದಲ್ಲಿ ತಾಳಿ ಕಟ್ಟಿಸಿ ಇದೇ ಕಾಯ್ದೆಯಡಿ ರಿಜಿಸ್ಟರ್ ಮಾಡಿಸಿದ್ದ ಒಂದು ಪ್ರಕರಣ ಸುಪ್ರೀಂ ಕೋರ್ಟಿನ ತನಕ ಹೋಯಿತು. ಆ ಮದುವೆ ಊರ್ಜಿತವಲ್ಲ ಎಂದು 2008ರಲ್ಲಿ ತೀರ್ಪು ಬಂತು. ಭಾವನವರಿಗೆ ಇದನ್ನು ಸಮಾಧಾನವಾಗಿ, ಊಟವಾದ ಮೇಲೆ ಹೇಳಿ.

ಹಾಗಂತ ಹುಡುಗ ಮತ ಬದಲಾಯಿಸಬೇಕಿಲ್ಲ. ಇಂಥ ಜೋಡಿಗಳಿಗೆಂದೇ 1954ರ ವಿಶೇಷ ವಿವಾಹ ಕಾಯ್ದೆ ಇದೆ. ಇಬ್ಬರಲ್ಲಿ ಒಬ್ಬರಾದರೂ ಕನಿಷ್ಠ 30 ದಿನದಿಂದ ವಾಸವಿರುವ ಜಿಲ್ಲೆಯ ವಿವಾಹಾಧಿಕಾರಿಗೆ, ನಾವಿಬ್ಬರೂ ಮದುವೆಯಾಗುತ್ತೇವೆ ಎಂಬ ನೋಟಿಸ್ ಕೊಡಬೇಕು. ಮಗಳು ಬೆಂಗಳೂರಿನಲ್ಲೇ ಇರುವುದರಿಂದ ಅಲ್ಲಿನ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲೇ ಕೊಡಬಹುದು. ಆದರೆ ಅವಳ ಆಧಾರ್‌ನಲ್ಲಿ ದಾವಣಗೆರೆ ವಿಳಾಸವಿದ್ದರೆ ಬಾಡಿಗೆ ಕರಾರುಪತ್ರವೋ ಮತ್ತೊಂದೋ ತೋರಿಸಬೇಕಾಗುತ್ತದೆ. ನೋಟಿಸಿಗೆ ಇಬ್ಬರದೂ ಸಹಿ ಬೇಕು. ಹುಡುಗನೂ ಎದುರಿಗೆ ಬರಬೇಕಾ ಅಂತ ಆಫೀಸಿನಲ್ಲಿ ಮೊದಲೇ ಕೇಳಿಕೊಳ್ಳಲಿ, ಅವನ ವಿಮಾನದ ಟಿಕೆಟ್ ಅದರ ಮೇಲೆ ನಿಂತಿದೆ.

ನೋಟಿಸ್ 30 ದಿನ ಗೋಡೆಯ ಮೇಲಿರುತ್ತದೆ. ಮಗಳ ಕಾಯಂ ವಿಳಾಸ ದಾವಣಗೆರೆಯಾದರೆ ಒಂದು ಪ್ರತಿ ಅಲ್ಲಿನ ಆಫೀಸಿಗೂ ಬರುತ್ತದೆ. ಬೀದಿಯವರಿಗೆ ನೀವು ಹೇಳುವ ಮೊದಲೇ ಗೊತ್ತಾಗಬಹುದು, ಸಿದ್ಧವಾಗಿರಿ. ಯಾರಾದರೂ ತಕರಾರು ಎತ್ತಿದರೂ ಕಾಯ್ದೆ ಹೇಳುವ ಕಾರಣಕ್ಕೆ ಮಾತ್ರ ಬೆಲೆ: ಮೊದಲ ಗಂಡ ಅಥವಾ ಹೆಂಡತಿ ಇರುವುದು, ವಯಸ್ಸು ಸಾಲದಿರುವುದು, ಅಂಥವು. ಜಾತಿಯವನಲ್ಲ ಅನ್ನುವುದು ತಕರಾರೇ ಅಲ್ಲ. 30 ದಿನ ಕಳೆದ ಮೇಲೆ ಮೂರು ಜನ ಸಾಕ್ಷಿಗಳ ಮುಂದೆ ಮದುವೆ. ನೋಟಿಸ್ ಕೊಟ್ಟು ಮೂರು ತಿಂಗಳೊಳಗೆ ಅದು ಆಗದಿದ್ದರೆ ಮತ್ತೆ ಮೊದಲಿಂದ.

"ಶಾಸ್ತ್ರದ ಮದುವೆ ಮೊದಲು ಮುಗಿಸಿ, ಆಮೇಲೆ ಇದೇ ಕಾಯ್ದೆಯಡಿ ನೋಂದಾಯಿಸಿದರೆ?" ಅಂತ ನೀವು ಕೇಳಬಹುದು. ಅದಕ್ಕೂ ದಾರಿಯಿದೆ. ಆದರೆ ಆಗ ಇಬ್ಬರೂ ಆ ಜಿಲ್ಲೆಯಲ್ಲಿ 30 ದಿನ ವಾಸ ಮಾಡಿರಬೇಕು. ಮೂರು ವಾರ ರಜೆ ಹಾಕಿ ಬರುವ ಹುಡುಗನಿಗೆ ಅದೆಲ್ಲಿ ಸಾಧ್ಯ? ಕಾನೂನಿನ ಮದುವೆ ಮೊದಲಾಗಲಿ. ಧಾರೆ, ಆರತಕ್ಷತೆ ಆ ವಾರದಲ್ಲೇ ಇಟ್ಟುಕೊಳ್ಳಿ.

ಈಗ ನಿಜವಾದ ತೊಂದರೆಗೆ ಬರುತ್ತೇನೆ. ಎಲ್ಲರೂ ವಿದೇಶಿ ಹುಡುಗನ ಕಾಗದಕ್ಕೆ ಹೆದರುತ್ತಾರೆ. ನಾನು ಕಂಡಂತೆ ಸಿಕ್ಕಿಹಾಕಿಕೊಳ್ಳುವುದು ನಮ್ಮ ಹುಡುಗಿಯ ಕಾಗದ. ನನ್ನ ಅಕ್ಕನ ಮಗಳದ್ದೂ ಹೊರದೇಶದ ಹುಡುಗನ ಜೊತೆ ಮದುವೆ. ಅವಳ ಜನನ ಪ್ರಮಾಣಪತ್ರ ತೆಗೆದು ನೋಡಿದರೆ ಹೆಸರಿನ ಜಾಗದಲ್ಲಿ ಬರೀ ಒಂದು ಗೀಟು. ಆಸ್ಪತ್ರೆಯಲ್ಲಿ ಹುಟ್ಟಿದಾಗ ಹೆಸರಿಟ್ಟಿರಲಿಲ್ಲ, ಆಮೇಲೆ ಯಾರೂ ಹೋಗಿ ಸೇರಿಸಲಿಲ್ಲ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಹಿಂದೆ, ಆಧಾರ್‌ನಲ್ಲಿ ಮುಂದೆ, ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರೇ ಸರ್‌ನೇಮ್. ಆ ಅಪ್ಪ ಒಂದು ಕಡೆ ಬಸವರಾಜಪ್ಪ, ಇನ್ನೊಂದು ಕಡೆ ಬಸವರಾಜ್. ನಮಗೆ ಇವರೆಲ್ಲ ಒಬ್ಬರೇ. ಕಾಗದ ನೋಡುವ ಹೊರದೇಶದ ಅಧಿಕಾರಿಗೆ ಇಬ್ಬರು ಅಪ್ಪಂದಿರು, ಮೂವರು ಹುಡುಗಿಯರು! ಒಂದು ಆಫೀಸಿನಲ್ಲಿ ಗುಮಾಸ್ತರು ಆ ಗೀಟಿನ ಮೇಲೆ ಬೆರಳಿಟ್ಟು, "ಇದು ನಿಮ್ಮ ಹುಡುಗೀನೇ ಅನ್ನೋದಕ್ಕೆ ಏನು ಗ್ಯಾರಂಟಿ?" ಅಂದರು. ನನ್ನಲ್ಲಿ ಉತ್ತರವಿರಲಿಲ್ಲ. ಮೂರು ತಿಂಗಳು ಓಡಾಡಿದೆವು.

ಜರ್ಮನಿಯ ವಿಷಯದಲ್ಲಿ ಇದು ಇನ್ನೂ ಮುಖ್ಯ. ಹುಡುಗನಿಗೆ ಮದುವೆಯಾಗಲು ಅಡ್ಡಿಯಿಲ್ಲ ಎಂಬ ಪತ್ರವನ್ನು ಅವನ ಊರಿನ ನೋಂದಣಿ ಕಚೇರಿ ಕೊಡುತ್ತದೆ. ಆ ಕಚೇರಿಗೆ ಷ್ಟಾಂಡೆಸಾಮ್ಟ್ ಅನ್ನುತ್ತಾರೆ. ಪತ್ರ ಕೊಡುವ ಮೊದಲು ಅವರು ಹುಡುಗಿಯ ಕಾಗದಗಳನ್ನೂ ಕೇಳುತ್ತಾರೆ. ಕಾಗದ ಅಸಲಿ ಎಂದು ನಮ್ಮ ವಿದೇಶಾಂಗ ಇಲಾಖೆ ಹಾಕುವ ಅಪೋಸ್ಟಿಲ್ ಮುದ್ರೆ ಬಹಳ ದೇಶಗಳಲ್ಲಿ ನಡೆಯುತ್ತದೆ, ಜರ್ಮನಿಯಲ್ಲಿ ನಡೆಯುವುದಿಲ್ಲ. ಅದರ ಬದಲು ಅವರ ದೂತಾವಾಸದ ಮೂಲಕ ತಪಾಸಣೆ ಮಾಡಿಸುವುದುಂಟು. ಅವರು ನೇಮಿಸಿದವರು ಮೂಲ ರಿಜಿಸ್ಟರ್ ಪುಸ್ತಕವನ್ನೇ ನೋಡಿ ಬರುತ್ತಾರೆ, ಕೆಲವೊಮ್ಮೆ ಅಕ್ಕಪಕ್ಕದ ಮನೆಯಲ್ಲೂ ವಿಚಾರಿಸುತ್ತಾರೆ. ಇದಕ್ಕೆ ತಿಂಗಳುಗಳೇ ಹಿಡಿಯುತ್ತವೆ. ಕೊನೆಗೆ ಕೈಗೆ ಬಂದ ಪತ್ರಕ್ಕೆ ಆರು ತಿಂಗಳಷ್ಟೇ ಆಯಸ್ಸು.

ಹಾಗಾಗಿ ಇವತ್ತೇ ಬೀರು ತೆಗೆದು ಎಲ್ಲ ಕಾಗದಗಳನ್ನೂ ಮಂಚದ ಮೇಲೆ ಹರಡಿ. ಹೆಸರು, ಇನಿಷಿಯಲ್, ಹುಟ್ಟಿದ ತಾರೀಕು, ಅಪ್ಪ ಅಮ್ಮನ ಹೆಸರು ಅಕ್ಷರ ಅಕ್ಷರ ಹೋಲಿಸಿ. ಜನನ ಪ್ರಮಾಣಪತ್ರದಿಂದಲೇ ತಿದ್ದುಪಡಿ ಶುರು ಮಾಡಿ.

ಪತ್ರದ ಕೊನೆಯ ಪುಟದಲ್ಲಿ ಸಣ್ಣಕ್ಷರದಲ್ಲಿ ಕೇಳಿದ್ದಕ್ಕೂ ಉತ್ತರ ಹೇಳಿಬಿಡುತ್ತೇನೆ. ಮದುವೆಯಾದ ಮಾತ್ರಕ್ಕೆ ಮಗಳ ಭಾರತದ ಪೌರತ್ವ ಹೋಗುವುದಿಲ್ಲ. ಗಂಡನ ಸರ್‌ನೇಮ್ ಹಾಕಿಕೊಳ್ಳಲೇಬೇಕು ಅಂತಲೂ ಇಲ್ಲ. ವೀಸಾ ಕೈಗೆ ಬರುವ ತನಕ ಆ ಗೊಡವೆಯೇ ಬೇಡ, ಇರುವ ಹೆಸರುಗಳ ಕಾಟವೇ ಸಾಕು. ಗಂಡನ ಜೊತೆ ಇರಲು ಹೋಗುವ ಆ ವೀಸಾಕ್ಕೆ ಸಾಮಾನ್ಯವಾಗಿ ಜರ್ಮನ್ ಭಾಷೆಯ ಎ1, ಅಂದರೆ ಮೊದಲ ಹಂತದ ಪರೀಕ್ಷೆ ಪಾಸಾಗಿರಬೇಕು. ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಕಲಿಸುತ್ತಾರೆ, ಈಗಲೇ ಸೇರಲಿ. ಅಳಿಯನಿಗೆ ಓಸಿಐ ಕಾರ್ಡ್ (ವಿದೇಶಿಯರು ವೀಸಾ ಇಲ್ಲದೆ ಭಾರತಕ್ಕೆ ಬಂದು ಹೋಗುವ ಕಾರ್ಡ್) ಬೇಕಾದರೆ ನೋಂದಣಿಯಾದ ಮದುವೆಗೆ ಎರಡು ವರ್ಷ ತುಂಬಿರಬೇಕು. ಅದನ್ನು ಆಮೇಲೆ ನೋಡೋಣ.

ಇನ್ನು ಛತ್ರ. ತಾರೀಕು ಬದಲಾದರೆ ಅಡ್ವಾನ್ಸ್ ವಾಪಸ್ ಕೊಡ್ತೀರಾ ಅಂತ ಛತ್ರದವರನ್ನು ಕೇಳಿ, ಕೊಡ್ತೀವಿ ಅಂದರೆ ಬರೆಸಿಕೊಳ್ಳಿ. ಇಲ್ಲ ಅಂದರೆ ಬೇರೆ ಛತ್ರ ನೋಡಿ. ವೈಶಾಖ ತಪ್ಪಿದರೆ ಆಷಾಢ ಕಳೆದ ಮೇಲೆ ಶ್ರಾವಣವಿದೆ.